ಐವತ್ತು ನಿಮಿಷದ ಬೆಲೆ

ಶ್ರಾವಕನ ಗುಣವ್ರತಗಳಲ್ಲೊಂದಾದ ಅನರ್ಥದಂಡವಿರತಿಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮೊದಲ ಮೂರು, ಅಂದರೆ ಕಂದರ್ಪ, ಕೌತ್ಕುಚ್ಯ ಮತ್ತು ಮೌಖರ್ಯ, ಮಾತಿಗೂ ನಡತೆಗೂ ಸಂಬಂಧಿಸಿದವು. ಪ್ರವಚನಗಳಲ್ಲಿ ಇವುಗಳ ವಿವರಣೆ ಸಾಕಷ್ಟು ಕೇಳಿಬರುತ್ತದೆ. ಉಳಿದವು ಎರಡು: ಅಸಮೀಕ್ಷ್ಯಾಧಿಕರಣ ಮತ್ತು ಉಪಭೋಗಪರಿಭೋಗಾನರ್ಥಕ್ಯ. ಪ್ರಯೋಜನವನ್ನು ವಿಚಾರಿಸದೆ ಕಾರ್ಯಕ್ಕೂ ಸಲಕರಣೆಗಳ ಸಂಗ್ರಹಕ್ಕೂ ತೊಡಗುವುದು ಮೊದಲನೆಯದು. ಅಗತ್ಯಕ್ಕೆ ಮೀರಿದ ಭೋಗವಸ್ತುಗಳನ್ನು ಕೂಡಿಹಾಕುವುದು ಎರಡನೆಯದು. ಹಿರಿಯರು ಇವುಗಳಿಗೆ ಒನಕೆ, ಕೊಡಲಿ, ನೇಗಿಲುಗಳ ದೃಷ್ಟಾಂತ ಕೊಡುತ್ತಿದ್ದರು. ಕೊಡಗಿನ ಕುಶಾಲನಗರದ ಒಬ್ಬ ಶ್ರಾವಕರಿಗೆ 2024ರ ಆರಂಭದಲ್ಲಿ ಇವೆರಡೂ ಒಂದು ಗಣಕಯಂತ್ರದ ಕೊಟೇಶನ್ನಿನ ರೂಪದಲ್ಲಿ ಎದುರಾದವು.

ಈ ಶ್ರಾವಕರ ತಂದೆ ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಕೊಯ್ಲಿನ ತೂಕ, ವಾರದ ಬಟವಾಡೆ, ಇವೇ ಅವರ ಜೀವಮಾನದ ಲೆಕ್ಕ. ಮಗನು ಲೆಕ್ಕವನ್ನು ಬಿಟ್ಟು ಕ್ಯಾಮೆರಾ ಹಿಡಿದನು. ಕುಶಾಲನಗರದಲ್ಲಿ ಅವರ ಸ್ಟುಡಿಯೋ ಇದೆ. ಮದುವೆಯ ಆಲ್ಬಮ್ಮು, ವಿಡಿಯೋ, ಈಚೆಗೆ ತೋಟದ ಮಾಲೀಕರಿಗೆ ಡ್ರೋನ್ ಹಾರಿಸಿ ನಕ್ಷೆ ಮಾಡಿಕೊಡುವ ಕೆಲಸ. ಮನೆಯಲ್ಲಿ ಎಂಬತ್ತು ದಾಟಿದ ತಾಯಿ, ಪತ್ನಿ, ಮೈಸೂರಿನಲ್ಲಿ ಓದುತ್ತಿರುವ ಮಗಳು.

ಪಕ್ಕದ ಜಿಲ್ಲೆಯ ಬಸದಿಯೊಂದರ ಟ್ರಸ್ಟಿಗೆ ದಾನಿಯೊಬ್ಬರು ತಮ್ಮ ತಂದೆತಾಯಿಗಳ ಸ್ಮರಣಾರ್ಥ ಒಂಬತ್ತು ಲಕ್ಷ ರೂಪಾಯಿ ಕೊಟ್ಟಿದ್ದರು. ಅದು ಶಾಸ್ತ್ರದಾನಕ್ಕೆ ವಿನಿಯೋಗವಾಗಬೇಕೆಂಬುದು ಅವರ ಸಂಕಲ್ಪ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ನಾಡಿನಲ್ಲಿ ಶಾಸ್ತ್ರದಾನವೆಂದರೇನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಈಗ ಅಚ್ಚಾದ ಪುಸ್ತಕ ಕೊಂಡು ಓದುವವರೇ ವಿರಳ. ಆದ್ದರಿಂದ ಕಲ್ಲಿನ ಮೇಲೆ ಅಳಿಯುತ್ತಿರುವುದನ್ನು ಉಳಿಸೋಣವೆಂದು ಟ್ರಸ್ಟಿನವರು ತೀರ್ಮಾನಿಸಿ, ಕೆಲಸವನ್ನು ಈ ಶ್ರಾವಕರಿಗೆ ಒಪ್ಪಿಸಿದರು. ಅವರು ಸಂಭಾವನೆ ಬೇಡವೆಂದರು. ಯಂತ್ರವನ್ನು ಟ್ರಸ್ಟು ಕೊಡಿಸುವುದು, ಅದನ್ನು ಇಡಲು ಬಸದಿಯಲ್ಲಿ ತಕ್ಕ ಸ್ಥಳವಿಲ್ಲದುದರಿಂದ ಸ್ಟುಡಿಯೋದಲ್ಲಿಯೇ ಇರಿಸುವುದು ಎಂದು ಮಾತಾಯಿತು. ಈ ಕೊನೆಯ ಮಾತನ್ನು ಆಗ ಯಾರೂ ಎರಡನೆಯ ಸಲ ಯೋಚಿಸಲಿಲ್ಲ.

ಕೊಡಗೆಂದರೆ ಕಾವೇರಿ, ಕಾಫಿ, ಕೊಡವರು ಎಂದಷ್ಟೇ ಬಲ್ಲವರಿಗೆ ಅಲ್ಲಿನ ಜೈನ ಅವಶೇಷಗಳು ಅಷ್ಟಾಗಿ ಪರಿಚಿತವಲ್ಲ. ಜಿಲ್ಲೆಯ ಉತ್ತರದಲ್ಲಿ, ಶನಿವಾರಸಂತೆಯ ಬಳಿಯ ಮುಳ್ಳೂರಿನಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥರ ಬಸದಿಗಳು ಒಂದರ ಬಳಿ ಒಂದು ನಿಂತಿವೆ. ಹನ್ನೊಂದನೆಯ ಶತಮಾನದಲ್ಲಿ ಈ ಸೀಮೆಯನ್ನು ಆಳಿದ ಕೊಂಗಾಳ್ವರು ಜಿನಭಕ್ತರು. ರಾಜೇಂದ್ರ ಕೊಂಗಾಳ್ವ, ಆತನ ತಾಯಿ ಪೋಚಬ್ಬರಸಿ, ಅವರ ಗುರುಗಳಾದ ಗುಣಸೇನ ಪಂಡಿತರು, ಇವರ ಹೆಸರುಗಳನ್ನು ಮುಳ್ಳೂರಿನ ಶಾಸನಗಳು ಉಳಿಸಿಕೊಟ್ಟಿವೆ. ಬಿ. ಎಲ್. ರೈಸ್ ಅವರು 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವನ್ನು ಹೊರತಂದಾಗ ಅದು ಕೊಡಗಿನ ಶಾಸನಗಳ ಸಂಪುಟವೇ ಆಗಿತ್ತು ಎಂಬುದನ್ನು ಸಮಾಜದವರು ನೆನೆಯಬೇಕು. ಆಗ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ಸವರಿ ಪಡಿಯಚ್ಚು ತೆಗೆಯುತ್ತಿದ್ದರು. ಕೊಡಗಿನ ಮಳೆ ಆಮೇಲೆಯೂ ನೂರಮೂವತ್ತಕ್ಕೂ ಹೆಚ್ಚು ಮಳೆಗಾಲ ಆ ಕಲ್ಲುಗಳ ಮೇಲೆ ಸುರಿದಿದೆ. ಪಾಚಿ ಅಕ್ಷರಗಳ ಒಳಗೆ ಬೇರೂರಿದೆ.

ಈಗಿನ ವಿಧಾನವೇ ಬೇರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಮಾಡಿಸುವ ಯೋಜನೆಯನ್ನು ಕೈಗೊಂಡಿತು. ಸವೆದು ಬರಿಗಣ್ಣಿಗೆ ಕಾಣದ ಅಕ್ಷರಗಳೂ ಆ ಪ್ರತಿಗಳಲ್ಲಿ ಎದ್ದು ಕಾಣುವುದನ್ನು ನೋಡಿ ಅನೇಕರಿಗೆ ಆಸಕ್ತಿ ಹುಟ್ಟಿದೆ. ಸ್ಕ್ಯಾನರ್ ಇಲ್ಲದವರು ಛಾಯಾಚಿತ್ರಗಳಿಂದಲೂ ಇದನ್ನು ಸಾಧಿಸಬಹುದು. ಕಲ್ಲೊಂದನ್ನು ಎಲ್ಲ ಕೋನಗಳಿಂದಲೂ ಮುನ್ನೂರು ನಾನ್ನೂರು ಸಲ ತೆಗೆದು ಆ ಚಿತ್ರಗಳನ್ನು ಗಣಕಕ್ಕೆ ಕೊಟ್ಟರೆ, ಅದು ಒಂದು ಚಿತ್ರದ ಚುಕ್ಕೆಯನ್ನು ಇನ್ನೊಂದರ ಚುಕ್ಕೆಯೊಡನೆ ಹೊಂದಿಸಿ, ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತೆಂದು ಲೆಕ್ಕ ಹಾಕಿ, ಕಡೆಗೆ ಕಲ್ಲಿನ ಏರುತಗ್ಗನ್ನೇ ಕಟ್ಟಿಕೊಡುತ್ತದೆ. ಆ ಲೆಕ್ಕ ಅಗಾಧವಾದುದು. ಸ್ಟುಡಿಯೋದ ಹಳೆಯ ಯಂತ್ರಕ್ಕೆ ಅದು ಭಾರವಾಗಬಹುದೆಂದು ಹೊಸದರ ವಿಚಾರ ಬಂತು.

ಮೈಸೂರಿನ ಅಂಗಡಿಯವರು ಕೊಟ್ಟ ಕೊಟೇಶನ್ ಎಂಟು ಲಕ್ಷದ ತೊಂಬತ್ತು ಸಾವಿರ. ದಾನದ ಮೊತ್ತವನ್ನು ಮೊದಲೇ ಕೇಳಿ ತಿಳಿದುಕೊಂಡು ಕೊಟೇಶನ್ ಬರೆಯುವ ಪದ್ಧತಿ ಎಲ್ಲ ವ್ಯಾಪಾರದಲ್ಲಿಯೂ ಉಂಟು. ಅದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ಅದರಲ್ಲಿದ್ದ ಪ್ರೊಸೆಸರ್ ಎಎಂಡಿ ಕಂಪನಿಯ ಥ್ರೆಡ್‌ರಿಪ್ಪರ್ 7980ಎಕ್ಸ್. 2023ರ ನವೆಂಬರಿನಲ್ಲಿ 4,999 ಡಾಲರ್ ಬೆಲೆಗೆ ಬಿಡುಗಡೆಯಾದುದು. ಆಗಿನ ವಿನಿಮಯದಲ್ಲಿ, ತೆರಿಗೆಗೆ ಮೊದಲೇ, ಸುಮಾರು 4,15,000 ರೂಪಾಯಿ. ಅದರಲ್ಲಿ 64 ಕೋರ್‌ಗಳು. ಅದೇ ಕಂಪನಿಯ ರೈಜನ್ 9 7950ಎಕ್ಸ್ 2022ರಲ್ಲಿ 699 ಡಾಲರಿಗೆ, ಅಂದರೆ ಅದೇ ವಿನಿಮಯದಲ್ಲಿ ಸುಮಾರು 58,000 ರೂಪಾಯಿಗೆ ಬಂದಿತ್ತು. ಅದರಲ್ಲಿ 16 ಕೋರ್‌ಗಳು.

ಕೋರ್ ಎಂದರೆ ಒಂದೇ ಬಿಲ್ಲೆಯೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಒಬ್ಬ ಗುಮಾಸ್ತನೆಂದು ತಿಳಿಯಬಹುದು. ಮೊದಲು ಪ್ರತಿ ಪ್ರೊಸೆಸರಿನಲ್ಲಿ ಒಬ್ಬನೇ ಇದ್ದನು. ಅವನ ವೇಗವನ್ನು ಹೆಚ್ಚಿಸುತ್ತ ಹೋದಂತೆ ಬಿಸಿ ತಡೆಯಲಾರದಾಗಿ, ತಯಾರಕರು ವೇಗದ ಬದಲು ಸಂಖ್ಯೆಯನ್ನು ಹೆಚ್ಚಿಸಿದರು. 2008ರಲ್ಲಿ ಇಂಟೆಲ್ ಕಂಪನಿಯ ಬೆಂಗಳೂರಿನ ಎಂಜಿನಿಯರುಗಳು ರೂಪಿಸಿದ ಜಿಯಾನ್ 7400 ಶ್ರೇಣಿಯ ಪ್ರೊಸೆಸರಿನಲ್ಲಿ ಆರು ಕೋರ್‌ಗಳಿದ್ದವು. ಆಗ ಅದೇ ದೊಡ್ಡ ಸುದ್ದಿ. ಹದಿನೈದು ವರ್ಷಗಳಲ್ಲಿ ಆರು ಅರವತ್ತನಾಲ್ಕಾಯಿತು.

ಶ್ರಾವಕರಿಗೆ ಅರವತ್ತನಾಲ್ಕರ ಮೇಲೆ ಮನಸ್ಸಾಯಿತು. ಅದನ್ನು ಅವರು ಮುಚ್ಚಿಡಲಿಲ್ಲ. ಅಂತಹ ಯಂತ್ರ ಜಿಲ್ಲೆಯ ಯಾವ ಸ್ಟುಡಿಯೋದಲ್ಲಿಯೂ ಇರಲಾರದೆಂದು ಪತ್ನಿಯ ಮುಂದೆ ಒಂದೆರಡು ಸಲ ಹೇಳಿಯೂ ಇದ್ದರು. ಆದರೆ ರೈಟರರ ಮಗನಾದುದರಿಂದ, ಸಹಿ ಹಾಕುವ ಮೊದಲು ಒಮ್ಮೆ ಅಳೆದು ನೋಡೋಣವೆನಿಸಿತು.

ಸ್ಟುಡಿಯೋದಲ್ಲಿದ್ದುದು ಎಂಟು ಕೋರಿನ ಹಳೆಯ ಯಂತ್ರ. ಅದರಲ್ಲಿ ಬೇಕಾದಷ್ಟು ಕೋರ್‌ಗಳನ್ನು ಮಾತ್ರ ಬಳಸುವಂತೆ ನಿರ್ಬಂಧಿಸಲು ಸಾಧ್ಯವಿದೆ. ಮುಳ್ಳೂರಿನ ಕಡೆಯ ಹೊಲವೊಂದರ ಬದಿಯಲ್ಲಿ ಬಿದ್ದಿದ್ದ ಒಂದು ತುಂಡು ಕಲ್ಲಿನ ನಾನ್ನೂರು ಚಿತ್ರಗಳನ್ನು ಆರಿಸಿಕೊಂಡು, ಅದೇ ಚಿತ್ರಗಳು, ಅದೇ ಗ್ರಾಫಿಕ್ಸ್ ಕಾರ್ಡು, ಅದೇ ಮೆಮೊರಿ ಇಟ್ಟು, ಕೋರ್‌ಗಳ ಸಂಖ್ಯೆಯನ್ನಷ್ಟೇ ಬದಲಿಸುತ್ತ ಅವರು ಕೆಲಸವನ್ನು ಓಡಿಸಿದರು. ಒಂದೇ ಕೋರಿನಲ್ಲಿ 20 ಗಂಟೆ ಹಿಡಿಯಿತು. ಅದಕ್ಕೂ ಮುನ್ನ ಎರಡು ಸಲ ಕರೆಂಟು ಹೋಗಿ ಮೊದಲಿನಿಂದ ಹೂಡಬೇಕಾಗಿತ್ತು. ಎರಡರಲ್ಲಿ 11 ಗಂಟೆ. ನಾಲ್ಕರಲ್ಲಿ ಆರೂವರೆ. ಎಂಟರಲ್ಲಿ ನಾಲ್ಕೂಕಾಲು.

ಅಂಕಿಗಳನ್ನು ಹಾಳೆಯ ಮೇಲೆ ಬರೆದಾಗ ಒಂದು ವಿಚಿತ್ರ ಕಂಡಿತು. ಗುಮಾಸ್ತರು ಎಂಟು ಪಟ್ಟಾದರು. ಕಾಲವು ಎಂಟರಲ್ಲಿ ಒಂದಾಗಲಿಲ್ಲ, ಐದರಲ್ಲಿ ಒಂದರ ಆಸುಪಾಸಿನಲ್ಲಿ ನಿಂತಿತು. ಕಾರಣವನ್ನು 1967ರಲ್ಲಿಯೇ ಐಬಿಎಂ ಕಂಪನಿಯ ಎಂಜಿನಿಯರ್ ಜೀನ್ ಆಮ್ಡಾಲ್ ಎತ್ತಿ ತೋರಿಸಿದ್ದರು. ಯಾವ ಕೆಲಸದಲ್ಲಿಯೂ ಹಲವರು ಹಂಚಿಕೊಳ್ಳಬಹುದಾದ ಭಾಗ ಒಂದು, ಒಬ್ಬನೇ ಮಾಡಿ ಮುಗಿಸಬೇಕಾದ ಭಾಗ ಇನ್ನೊಂದು. ಎಷ್ಟು ಜನ ಸೇರಿದರೂ ಎರಡನೆಯದು ಕರಗುವುದಿಲ್ಲ.

ಇದು ಕೊಡಗಿನವರಿಗೆ ಹೊಸ ವಿಷಯವಲ್ಲ. ಅರೇಬಿಕಾ ಕೊಯ್ಲಿನ ದಿನಗಳಲ್ಲಿ ಹದಿನಾರು ಆಳುಗಳ ಬದಲು ಅರವತ್ತನಾಲ್ಕು ಆಳುಗಳನ್ನು ತೋಟಕ್ಕೆ ಇಳಿಸಿದರೆ ಹಣ್ಣು ಬೇಗ ಗಿಡದಿಂದ ಇಳಿಯುವುದು ನಿಜ. ಆದರೆ ಪಲ್ಪರ್ ಒಂದೇ. ಅದು ಎಷ್ಟು ಸುಲಿಯಬಲ್ಲುದೋ ಅಷ್ಟೇ ಸುಲಿಯುತ್ತದೆ. ಕಣದಲ್ಲಿ ಹರವಿದ ಬೀಜ ವಾರವೋ ಹತ್ತು ದಿನವೋ ಒಣಗಲೇಬೇಕು. ಆಳು ಹೆಚ್ಚಾದರೆಂದು ಬಿಸಿಲು ಅವಸರ ಮಾಡುವುದಿಲ್ಲ. ಕೊಯ್ಯುವ ಆಳುಗಳನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಅವರ ತಂದೆ ಪಲ್ಪರನ್ನು ನೋಡಿ ನಿರ್ಧರಿಸುತ್ತಿದ್ದರು.

ಶ್ರಾವಕರ ಅಳತೆಯ ಪ್ರಕಾರ ಈ ಕೆಲಸದಲ್ಲಿ ಹಂಚಿಕೊಳ್ಳಬಹುದಾದುದು ನೂರಕ್ಕೆ ತೊಂಬತ್ತು ಭಾಗ. ಒಬ್ಬನೇ ಮಾಡಬೇಕಾದುದು ಹತ್ತು ಭಾಗ. ಆ ಲೆಕ್ಕವನ್ನು ಮುಂದುವರಿಸಿದರೆ 16 ಕೋರಿನಲ್ಲಿ ಒಂದು ಕಲ್ಲಿಗೆ 3 ಗಂಟೆ 7 ನಿಮಿಷ, 32ರಲ್ಲಿ 2 ಗಂಟೆ 34 ನಿಮಿಷ, 64ರಲ್ಲಿ 2 ಗಂಟೆ 17 ನಿಮಿಷ. ಕೋಟಿ ಕೋರ್‌ಗಳಿದ್ದರೂ 2 ಗಂಟೆಗಿಂತ ಕೆಳಗಿಳಿಯದು. ಹದಿನಾರಕ್ಕೂ ಅರವತ್ತನಾಲ್ಕಕ್ಕೂ ನಡುವಿನ ಅಂತರ ಐವತ್ತು ನಿಮಿಷ. ಅದೂ ಒಂದೊಂದು ಕೋರಿನ ವೇಗ ಎರಡರಲ್ಲಿಯೂ ಸಮವೆಂದು ಇಟ್ಟುಕೊಂಡರೆ. ವಾಸ್ತವದಲ್ಲಿ ಒಬ್ಬನೇ ದುಡಿಯುವ ಹೊತ್ತಿನಲ್ಲಿ ಅಗ್ಗದ ಪ್ರೊಸೆಸರೇ ಚುರುಕು, ಅದರ ಗರಿಷ್ಠ ವೇಗ 5.7 ಗಿಗಾಹರ್ಟ್ಸ್, ದುಬಾರಿಯದರದು 5.1. ಬೆಲೆಯ ಅಂತರ ಪ್ರೊಸೆಸರಿನಲ್ಲಿಯೇ ಮೂರೂವರೆ ಲಕ್ಷಕ್ಕೆ ಮೇಲೆ. ಜೊತೆಗೆ ದೊಡ್ಡದಕ್ಕೆ ಬೇರೆ ಜಾತಿಯ ಬೋರ್ಡು, ಬೇರೆ ಜಾತಿಯ ಮೆಮೊರಿ ಬೇಕು, ಅವೂ ದುಬಾರಿ. ವಿದ್ಯುತ್ತಿನ ವಿಚಾರದಲ್ಲಿ ತಯಾರಕರೇ ಹೇಳಿದ ಪ್ರಮಾಣ ಒಂದಕ್ಕೆ 170 ವಾಟ್, ಇನ್ನೊಂದಕ್ಕೆ 350 ವಾಟ್. ಮುಂಗಾರಿನಲ್ಲಿ ದಿನಗಟ್ಟಲೆ ಕರೆಂಟು ಕಾಣದ ಊರುಗಳಿರುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಯುಪಿಎಸ್ಸಿನ ಗಾತ್ರವೂ ಅದರಂತೆಯೇ ಬೆಳೆಯಬೇಕಾಗುತ್ತದೆ.

ಹಾಗೆಂದು ದೊಡ್ಡ ಪ್ರೊಸೆಸರು ಮೋಸದ ವಸ್ತುವೆಂದು ಯಾರೂ ಭಾವಿಸಬಾರದು. ಆಮ್ಡಾಲರ ಲೆಕ್ಕಕ್ಕೆ ಪ್ರತಿಯಾಗಿ 1988ರಲ್ಲಿ ಜಾನ್ ಗುಸ್ತಾಫ್‌ಸನ್ ಎಂಬ ವಿಜ್ಞಾನಿ ಇನ್ನೊಂದು ಮುಖವನ್ನು ತೋರಿಸಿದರು: ದೊಡ್ಡ ಯಂತ್ರ ಸಿಕ್ಕಿದವನು ಹಳೆಯ ಕೆಲಸವನ್ನೇ ಬೇಗ ಮುಗಿಸಿ ಸುಮ್ಮನೆ ಕೂರುವುದಿಲ್ಲ, ದೊಡ್ಡ ಕೆಲಸಕ್ಕೆ ಕೈ ಹಾಕುತ್ತಾನೆ. ಹವಾಮಾನದ ಲೆಕ್ಕ ಮಾಡುವವರಿಗೆ, ಚಲನಚಿತ್ರದ ಚಿತ್ರಿಕೆಗಳನ್ನು ಸಾವಿರಗಟ್ಟಲೆ ರಚಿಸುವವರಿಗೆ ಅರವತ್ತನಾಲ್ಕು ಕೋರ್‌ಗಳು ಹಾಕಿದ ಹಣವನ್ನು ಹಿಂದಿರುಗಿಸುತ್ತವೆ. ನಾಲ್ಕು ಕಲ್ಲುಗಳನ್ನು ಒಟ್ಟಿಗೇ ಓಡಿಸುವುದಾದರೆ ಶ್ರಾವಕರಿಗೂ ಅದು ಉಪಯೋಗವೇ.

ಆದರೆ ನಾಲ್ಕು ಕಲ್ಲುಗಳು ಒಟ್ಟಿಗೆ ಬರುವುದು ಎಲ್ಲಿಂದ? ಸವೆದ ಅಕ್ಷರ ಕಾಣುವುದು ಓರೆಯಾಗಿ ಬೀಳುವ ಬೆಳಕಿನಲ್ಲಿ, ಬೆಳಗಿನ ಮತ್ತು ಸಂಜೆಯ ಒಂದೊಂದು ಗಂಟೆ. ಸ್ಟುಡಿಯೋ ಮುಚ್ಚಿ ಹೋಗಬಹುದಾದ ದಿನ ಭಾನುವಾರ ಮಾತ್ರ. ಬಸದಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅಲ್ಲಿ ಸ್ಟ್ಯಾಂಡು ಇಟ್ಟು ಚಿತ್ರ ತೆಗೆಯಲು ಅನುಮತಿ ಪಡೆದು ಕಾಯಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಎಷ್ಟು ಓಡಾಡಿದರೂ ವಾರಕ್ಕೆ ಎರಡು ಕಲ್ಲು. ಅಂದರೆ ಹದಿನಾರು ಕೋರಿನ ಯಂತ್ರಕ್ಕೆ ವಾರದ 168 ಗಂಟೆಗಳಲ್ಲಿ ಆರೂಕಾಲು ಗಂಟೆಯ ಕೆಲಸ. ಅರವತ್ತನಾಲ್ಕರದಕ್ಕೆ ನಾಲ್ಕೂವರೆ ಗಂಟೆಯದು.

ಈ ಹಾಳೆ ಊಟದ ಮೇಜಿನ ಮೇಲೆ ಬಿದ್ದಿತ್ತು. ತಾಯಿಯವರು ಓದಿದ್ದು ನಾಲ್ಕನೆಯ ತರಗತಿ, ಅಂಕಿಗಳನ್ನು ಬಲ್ಲರು. ಅವರು ಬಹಳ ವರ್ಷಗಳಿಂದ ಪರಿಗ್ರಹಪರಿಮಾಣ ವ್ರತವನ್ನು ಪಾಲಿಸುತ್ತ ಬಂದವರು. ದೇವರ ಪಟದ ಹಿಂದೆ ಒಂದು ಚೀಟಿ ಇದೆ. ಸೀರೆ ಎಷ್ಟು, ತಟ್ಟೆ ಲೋಟ ಎಷ್ಟು, ಬಂಗಾರ ಎಷ್ಟು ಎಂದು ಅದರಲ್ಲಿ ಬರೆದುಕೊಂಡಿದ್ದಾರೆ. ಪ್ರತಿ ದಶಲಕ್ಷಣ ಪರ್ವದಲ್ಲಿ ಅದನ್ನು ತೆಗೆದು ನೋಡುತ್ತಾರೆ. ಮೊಮ್ಮಗಳು ಹೊಸ ಸೀರೆ ತಂದುಕೊಟ್ಟ ದಿನ ಹಳೆಯದೊಂದು ಯಾರಿಗಾದರೂ ಸಲ್ಲುತ್ತದೆ. ಅವರು ಹಾಳೆಯನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ.

“ವಾರಕ್ಕೆ ನಾಲ್ಕೂವರೆ ಗಂಟೆ ದೇವರ ಕೆಲಸ ಅಂತ ಬರ್ದಿದ್ದೀಯಲ್ಲ ಮಗಾ, ಮಿಕ್ಕ ಹೊತ್ತೆಲ್ಲ ಆ ಯಂತ್ರ ಏನು ಮಾಡುತ್ತೆ?”

ಮಗನು ಸುಮ್ಮನಿದ್ದನು. ಮಿಕ್ಕ ಹೊತ್ತಿನಲ್ಲಿ ಅದು ಮದುವೆಯ ವಿಡಿಯೋ ಸಿದ್ಧಪಡಿಸುತ್ತಿತ್ತು, ತೋಟಗಳ ನಕ್ಷೆ ಮಾಡುತ್ತಿತ್ತು. ಬಾಯಿಬಿಟ್ಟು ಹೇಳಿಕೊಳ್ಳದಿದ್ದರೂ ಆ ಯೋಜನೆ ಮೊದಲ ದಿನದಿಂದಲೇ ಮನಸ್ಸಿನ ಮೂಲೆಯಲ್ಲಿತ್ತು. ಐವತ್ತು ನಿಮಿಷದ ಉಳಿತಾಯ ಶಾಸನದ ಕಲ್ಲಿಗೆ ಬೇಕಾಗಿರಲಿಲ್ಲ. ರಾತ್ರಿ ಹೂಡಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಯಾವ ಯಂತ್ರವಾದರೂ ಅದನ್ನು ಮುಗಿಸುತ್ತದೆ. ಆ ಉಳಿತಾಯ ಬೇಕಾಗಿದ್ದುದು ಸ್ಟುಡಿಯೋಕ್ಕೆ. ದೇವದ್ರವ್ಯವನ್ನು ತಾನು ಭೋಗಿಸುವುದು ನಿರ್ಮಾಲ್ಯಭಕ್ಷಣೆಗೆ ಸಮವೆಂದು ಬಾಲ್ಯದಿಂದ ಕೇಳಿದ್ದ ವ್ಯಕ್ತಿ ಅವರು. ಬಸದಿಯ ಬಾಳೆಹಣ್ಣನ್ನು ಮುಟ್ಟದ ಮನೆತನ. ಆದರೆ ಹಣ್ಣಿಗಿರುವ ಆಕಾರ ಗಂಟೆಗಳಿಗಿಲ್ಲ; ಯಂತ್ರದ ಖಾಲಿ ಹೊತ್ತನ್ನು ತಿಂದರೆ ತಿಂದಂತೆ ಅನಿಸುವುದೇ ಇಲ್ಲ. ಟ್ರಸ್ಟುಗಳ ವಾಹನ, ಜನರೇಟರ್, ಧ್ವನಿವರ್ಧಕ, ಈಗ ಗಣಕ, ಇವೆಲ್ಲವುಗಳ ವಿಷಯದಲ್ಲಿಯೂ ಈ ಲೆಕ್ಕವನ್ನು ಯಾರೂ ಇಡುವುದಿಲ್ಲವೆಂಬುದು ಖೇದಕರ.

ತಾಯಿಯವರು ಉತ್ತರಕ್ಕೆ ಕಾಯದೆ ಸಾಮಾಯಿಕಕ್ಕೆ ಎದ್ದುಹೋದರು. ಸಾಮಾಯಿಕದ ಕಾಲ ಒಂದು ಮುಹೂರ್ತ, ಅಂದರೆ 48 ನಿಮಿಷ. ಮೂರೂವರೆ ಲಕ್ಷ ಕೊಟ್ಟು ಒಂದೊಂದು ಕಲ್ಲಿಗೆ ಉಳಿಸಬೇಕೆಂದಿದ್ದ ಕಾಲವೂ ಹೆಚ್ಚುಕಡಮೆ ಅಷ್ಟೇ ಎಂಬುದು ಶ್ರಾವಕರಿಗೆ ಆಗ ಹೊಳೆಯಿತು.

ಟ್ರಸ್ಟಿನ ಸಭೆಯಲ್ಲಿ ವಿಷಯ ಸುಲಭವಾಗಿ ಮುಗಿಯಲಿಲ್ಲ. ಅವರು ಹದಿನಾರು ಕೋರಿನ ಯಂತ್ರ ಸಾಕೆಂದು, ಮೂರು ಲಕ್ಷದ ಇಪ್ಪತ್ತು ಸಾವಿರದ ಹೊಸ ಅಂದಾಜನ್ನು ಮುಂದಿಟ್ಟಾಗ ಹಿರಿಯ ಸದಸ್ಯರೊಬ್ಬರು ಅಸಮಾಧಾನಗೊಂಡರು.

“ಅಲ್ಲಾ ಸ್ವಾಮಿ, ಭಗವಂತನ ಕೆಲಸಕ್ಕೆ ಕಡಿಮೆ ಬೆಲೆಯದು ಹುಡುಕೋದೇ? ಚಾವುಂಡರಾಯರು ಇಪ್ಪತ್ತು ಅಡಿ ಮೂರ್ತಿ ಸಾಕು ಅಂದಿದ್ದರೆ ಇವತ್ತು ಬೆಳಗೊಳಕ್ಕೆ ಯಾರು ಬರ್ತಿದ್ದರು? ದಾನಿಗಳು ಮನಸ್ಸಿಟ್ಟು ಕೊಟ್ಟಿದಾರೆ. ಇನ್ನೊಂದು ಸಲ ಕೊಡ್ತಾರೆ ಅಂತ ಏನು ಗ್ಯಾರಂಟಿ?”

ಇದು ತಳ್ಳಿಹಾಕುವ ಮಾತಲ್ಲ. ಐವತ್ತೆಂಟು ಅಡಿಯ ಗೊಮ್ಮಟನನ್ನು ನಿಲ್ಲಿಸಿದ ಸಮಾಜಕ್ಕೆ ವೈಭವದ ಬೆಲೆ ತಿಳಿದಿದೆ. ಪ್ರಭಾವನೆಯೂ ಸಮ್ಯಗ್ದರ್ಶನದ ಅಂಗವೇ. ಶ್ರಾವಕರು ವಿನಯದಿಂದ ಉತ್ತರಿಸಿದರು: “ತಾವು ಹೇಳೋದು ಮೂರ್ತಿಗೆ ಸರಿ. ಇದು ಉಳಿ. ಉಳಿ ಸವೆಯುತ್ತೆ.” ಬಳಿಕ ಅವರು ಕೊಟ್ಟ ನಿದರ್ಶನ ಸಭೆಗೆ ಹಿಡಿಸಿತು. 2019ರ ನವೆಂಬರಿನಲ್ಲಿ ಇದೇ ಥ್ರೆಡ್‌ರಿಪ್ಪರ್ ಶ್ರೇಣಿಯ 24 ಕೋರಿನ ಪ್ರೊಸೆಸರ್ 1,399 ಡಾಲರಿಗೆ ಬಂದಿತ್ತು. ಮೂರು ವರ್ಷ ತುಂಬುವ ಮೊದಲೇ 699 ಡಾಲರಿನ 16 ಕೋರಿನದು ಅನೇಕ ಕೆಲಸಗಳಲ್ಲಿ ಅದನ್ನು ಸರಿಗಟ್ಟಿತು. ಆ ಹಳೆಯ ಶ್ರೇಣಿಗೆಂದು ಜನ ಕೊಂಡಿದ್ದ ದುಬಾರಿ ಬೋರ್ಡುಗಳಲ್ಲಿ ಮುಂದಿನ ತಲೆಮಾರಿನ ಯಾವ ಪ್ರೊಸೆಸರೂ ಕೂರಲಿಲ್ಲ. ಇಂದು ಬೇಡದ ವೇಗವನ್ನು ನಾಳೆಗೆಂದು ಕೊಂಡಿಡುವುದು ಅಕ್ಕಿಯನ್ನಲ್ಲ, ಹಾಲನ್ನು ಕೊಂಡಿಟ್ಟಂತೆ.

ಸಭೆ ಒಪ್ಪಿತು. ಹಿರಿಯರು ಒಪ್ಪಲಿಲ್ಲ, ವಿರೋಧವನ್ನೂ ಬರೆಸಲಿಲ್ಲ.

ಮಿತವ್ಯಯವೆಂದರೆ ಎಲ್ಲದರಲ್ಲಿಯೂ ಹಿಡಿತವಲ್ಲ. ಎರಡು ಕಡೆ ಶ್ರಾವಕರು ಅಂಗಡಿಯವರು ಹೇಳಿದ್ದಕ್ಕಿಂತ ಹೆಚ್ಚು ಖರ್ಚು ಮಾಡಿಸಿದರು. ಒಂದು, ದೋಷವನ್ನು ತಾನೇ ಪತ್ತೆಹಚ್ಚಿ ತಿದ್ದಿಕೊಳ್ಳುವ ಮೆಮೊರಿ. ಸಾಮಾನ್ಯ ಮೆಮೊರಿಯಲ್ಲಿ ಅಪರೂಪಕ್ಕೆ ಒಂದು ಸೊನ್ನೆ ಒಂದಾಗಿ, ಒಂದು ಸೊನ್ನೆಯಾಗಿ ಯಾರಿಗೂ ತಿಳಿಯದೆ ತಿರುಗಿಬೀಳುವುದುಂಟು. ಮದುವೆಯ ಚಿತ್ರದಲ್ಲಿ ಅದು ಯಾರಿಗೂ ಕಾಣದು. ಪ್ರತಿ ಮಾಡುವವನ ಧರ್ಮ ಬೇರೆ. ಓಲೆಗರಿಯ ಲಿಪಿಕಾರರು ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಓದುಗರನ್ನು ಬೇಡಿಕೊಳ್ಳುತ್ತಿದ್ದರು. ಯಂತ್ರ ಹಾಗೆ ಬೇಡಿಕೊಳ್ಳುವುದಿಲ್ಲ. ಅಗ್ಗದ ಪ್ರೊಸೆಸರಿನಲ್ಲಿಯೂ, ಅದಕ್ಕೆ ಒಪ್ಪುವ ಬೋರ್ಡನ್ನು ಹುಡುಕಿದರೆ, ಈ ಮೆಮೊರಿ ನಡೆಯುತ್ತದೆ. ಹುಡುಕಲು ಎರಡು ವಾರ ಹಿಡಿಯಿತು. ಇನ್ನೊಂದು, ಮೂರು ಜಾಗದಲ್ಲಿ ಪ್ರತಿ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ, ಮರುವರ್ಷವೂ, ಕಾವೇರಿ ಕುಶಾಲನಗರದ ಬಡಾವಣೆಗಳೊಳಗೆ ಹರಿದಿತ್ತು. ಆದ್ದರಿಂದ ಒಂದು ಡಿಸ್ಕು ಟ್ರಸ್ಟಿನ ಕಬ್ಬಿಣದ ಪೆಟ್ಟಿಗೆಯಲ್ಲಿ, ಇನ್ನೊಂದು ಮೈಸೂರಿನಲ್ಲಿ.

ಮತ್ತೊಂದು ಸಂಗತಿಯನ್ನು ಪತ್ನಿ ನೆನಪಿಸಿದರು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ದೀಪಕ್ಕೆ ಮುತ್ತುವುದು ಕೊಡಗಿನಲ್ಲಿ ಎಲ್ಲರ ಅನುಭವ. ಗಾಳಿ ಎಳೆಯುವ ಫ್ಯಾನಿನ ಬಾಯಿಗೆ ಅವು ಸಿಕ್ಕಿದರೆ ಗತಿಯೇನು? ಯಂತ್ರದ ಕಿಂಡಿಗಳಿಗೆಲ್ಲ ತೆಳುವಾದ ನೈಲಾನ್ ಬಲೆ ಕಟ್ಟಿ, ಆ ದಿನಗಳಲ್ಲಿ ಕೋಣೆಯ ದೀಪ ಆರಿಸಿಯೇ ಕೆಲಸ ಹೂಡುವುದು ರೂಢಿಯಾಯಿತು. ಬಲೆಯಿಂದ ಗಾಳಿ ತುಸು ಕಡಿಮೆಯಾಗಿ ಯಂತ್ರ ಸ್ವಲ್ಪ ನಿಧಾನವಾಗುತ್ತದೆ. 350 ವಾಟಿನದಾಗಿದ್ದರೆ ಬಲೆ ಕಟ್ಟುವ ಧೈರ್ಯ ಬರುತ್ತಿರಲಿಲ್ಲ. ಯಂತ್ರದ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನೂ ತೂಗುಹಾಕಲಾಯಿತು: ಹೂಡಿದ ಹೊತ್ತು, ಮುಗಿದ ಹೊತ್ತು, ಯಾವ ಕಲ್ಲು. ಸ್ಟುಡಿಯೋದ ಕೆಲಸಕ್ಕೆ ಹಳೆಯ ಎಂಟು ಕೋರಿನದೇ ಮುಂದುವರಿಯಿತು.

ಲೆಕ್ಕ ಎಲ್ಲ ಕಡೆಯೂ ಸರಿಯಾಯಿತೆಂದು ಹೇಳಲಾಗದು. ಅನುಮತಿ ದೊರೆತ ಮೇಲೆ ಪಾರ್ಶ್ವನಾಥ ಬಸದಿಯ ಒಳಭಾಗವನ್ನೆಲ್ಲ ಒಂದೇ ಪ್ರತಿಯಾಗಿ ಕಟ್ಟಲು ಹೊರಟಾಗ 128 ಗಿಗಾಬೈಟ್ ಮೆಮೊರಿ ಸಾಲದೆ ಕೆಲಸ ನಡುದಾರಿಯಲ್ಲಿ ನಿಂತಿತು. ದೊಡ್ಡ ಯಂತ್ರದಲ್ಲಿ ಮೆಮೊರಿಯನ್ನು ಅದರ ಎಂಟರಷ್ಟು ಬೆಳೆಸಲು ಅವಕಾಶವಿತ್ತು, ಇದರಲ್ಲಿ ಇಲ್ಲ. ಬಸದಿಯನ್ನು ಆರು ತುಂಡು ಮಾಡಿ, ನಾಲ್ಕು ರಾತ್ರಿ ಓಡಿಸಿ, ತುಂಡುಗಳನ್ನು ಕೈಯಿಂದ ಹೊಂದಿಸಬೇಕಾಯಿತು. ಒಂದು ಹೊಂದಿಕೆಯಲ್ಲಿ ಕೂದಲೆಳೆಯಷ್ಟು ಸಂದು ಈಗಲೂ ಕಾಣುತ್ತದೆ. ಇದನ್ನು ಅವರು ಮರೆಮಾಚದೆ ಟ್ರಸ್ಟಿಗೆ ಬರೆದು ತಿಳಿಸಿದರು. ಹಿರಿಯ ಸದಸ್ಯರು, ತಾವು ಆಗಲೇ ಹೇಳಿದ್ದೆವಲ್ಲ ಎಂದು ಫೋನಿನಲ್ಲಿ ಒಂದು ಮಾತು ಅಂದರು. ಅದು ನ್ಯಾಯವಾದ ಮಾತೇ.

ಉಳಿದ ಐದು ಲಕ್ಷದ ಎಂಬತ್ತು ಸಾವಿರ ರೂಪಾಯಿ ಟ್ರಸ್ಟಿನಲ್ಲಿಯೇ ಇತ್ತು. ದಾನಿಗಳನ್ನು ಕೇಳಿದಾಗ ಅವರು ಮರುಪ್ರಶ್ನೆ ಹಾಕಿದರು: ಪ್ರತಿಗಳು ಸಿದ್ಧವಾದ ಮೇಲೆ ಅವನ್ನು ಓದುವವರು ಯಾರು? ಆಗ ಎಲ್ಲರಿಗೂ ಎಚ್ಚರವಾಯಿತು. ಪಲ್ಪರ್ ಇದ್ದುದು ಅಲ್ಲಿ. ಹದಿನಾರೋ ಅರವತ್ತನಾಲ್ಕೋ ಎಂದು ತಿಂಗಳುಗಟ್ಟಲೆ ತೂಗಿದವರಿಗೆ, ಹಳಗನ್ನಡ ಲಿಪಿಯನ್ನು ಕಲ್ಲಿನಿಂದ ಓದಬಲ್ಲವರು ಆ ಸೀಮೆಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂದು ಎಣಿಸಲು ತೋಚಿರಲಿಲ್ಲ. ಹುಡುಕಿದಾಗ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಸಿಕ್ಕರು. ಅವರಿಗೆ ಗೌರವಧನ, ಪ್ರಯಾಣದ ವೆಚ್ಚ, ಅವರ ಬಳಿ ಕುಳಿತು ಕಲಿಯಲೊಪ್ಪಿದ ಇಬ್ಬರು ತರುಣರಿಗೆ ವಿದ್ಯಾರ್ಥಿವೇತನ, ಹೀಗೆ ಹಣ ಹಂಚಿಕೆಯಾಯಿತು.

ಅಧ್ಯಾಪಕರು ತಿಂಗಳಿಗೆರಡು ಸಲ ಕುಶಾಲನಗರಕ್ಕೆ ಬಸ್ಸಿನಲ್ಲಿ ಬರುತ್ತಾರೆ. ಮೊದಲ ಸಲ ಬಂದ ದಿನ ಹೊರಗೆ ಜಡಿಮಳೆ. ಹೊಲದ ಬದಿಯ ಆ ತುಂಡು ಕಲ್ಲನ್ನೇ ಪರದೆಯ ಮೇಲೆ ಇಟ್ಟುಕೊಟ್ಟರು. ಬೆಳಕನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಅಧ್ಯಾಪಕರು ಒಂದೇ ಅಕ್ಷರದ ಮುಂದೆ ಮುಕ್ಕಾಲು ಗಂಟೆಗೂ ಹೆಚ್ಚು ಕುಳಿತರು. ತಾಯಿಯವರು ಒಳಗಿನಿಂದ ಎರಡು ಸಲ ಬಂದು ಕಾಫಿ ಆರಿತೆಂದು ಹೇಳಿ ಹೋದರು. ಕಡೆಗೆ ಅಧ್ಯಾಪಕರು ಕನ್ನಡಕ ತೆಗೆದು, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹುಡುಗನಿಗೆ ಹೇಳಿದರು:

“ಅದು ಳ ಅಲ್ಲಪ್ಪ. ೞ. ತಿದ್ದಿಕೋ.”